ರಾತ್ರಿ ಉಣ್ಣದ ಮಾವ

ನೂರು ವರ್ಷ ಬಾಳು ಎಂದು ಹರಸುವವರು, ಹಾಗೆ ಬಾಳಿದವರೊಬ್ಬರ ಮನೆಯಲ್ಲಿ ಒಂದು ವಾರ ಇದ್ದು ಹೋಗಬೇಕು. ನಮ್ಮ ಮಾವನಿಗೆ ನೂರಾ ಎರಡು. ಸೊಸೆಯಾದ ನನಗೆ ಎಪ್ಪತ್ತಮೂರು. ಗಂಡ ಯಾವತ್ತೋ ತೀರಿಕೊಂಡರು. ಅವರ ಅಪ್ಪ ಮಾತ್ರ ಗಟ್ಟಿಯಾಗಿದ್ದಾರೆ, ಸವೆದದ್ದು ನನ್ನ ಮಂಡಿ. ಎರಡಕ್ಕೂ ಆಪರೇಷನ್ ಆಗಬೇಕು, ಆಮೇಲೆ ಮೂರು ತಿಂಗಳು ಯಾರನ್ನೂ ಎತ್ತಿ ಕೂರಿಸುವ ಕೆಲಸ ಮಾಡಬಾರದು ಎಂದು ಡಾಕ್ಟರು ಹೇಳಿ ವರ್ಷ ಕಳೆಯಿತು. ಅಷ್ಟು ದಿನ ಮಾವನನ್ನು ಮೈದುನ ತನ್ನ ಮನೆಗೆ ಕರೆದೊಯ್ಯಬೇಕು. ಆ ಮಾತು ತೆಗೆದಾಗಲೆಲ್ಲ ಅವನಿಗೆ ಏನಾದರೊಂದು ಕೆಲಸ ನೆನಪಾಗುತ್ತದೆ.

ಆ ದಿನ ಅವನು ತಾನಾಗಿಯೇ ಬಂದಿದ್ದ. ನೂರು ದಾಟಿದವರ ಊಟತಿಂಡಿಯ ಬಗ್ಗೆ ಅಧ್ಯಯನ ಮಾಡುವ ಡಾಕ್ಟರಮ್ಮ ಒಬ್ಬರು ಬರುವವರಿದ್ದರು, ಫೋಟೋ ತೆಗೆಯುವವರೂ ಇದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪನ ಪಕ್ಕದಲ್ಲೇ ಕೂತ. ಇವತ್ತು ಬಿಡಬಾರದು, ಡಾಕ್ಟರಮ್ಮನ ಎದುರೇ ಕೇಳಿಬಿಡಬೇಕು ಎಂದು ನಾನು ಬಾಗಿಲು ಹಿಡಿದು ನಿಂತೆ.

"ದಿನಾ ಏನ್ ತಿಂತೀರಾ ತಾತ?" ಡಾಕ್ಟರಮ್ಮ ಬಂದವರೇ ಮಾವನನ್ನು ಕೇಳಿದರು.

"ಗಂಜಿ, ಬೇಯಿಸಿದ ತರಕಾರಿ. ಇವಳು ಏನ್ ಕೊಡ್ತಾಳೋ ಅದು."

"ವ್ಯಾಯಾಮ?"

"ಅರವತ್ತು ವರ್ಷ ಹೊಲಿಗೆ ಮೆಷಿನ್ ತುಳಿದಿದ್ದೀನಮ್ಮ. ಸಾಲ್ದಾ?"

"ರಾತ್ರಿ ಊಟ?"

"ಅದಿಲ್ಲ. ಸಂಜೆ ನಾಲ್ಕಕ್ಕೆ ಒಂದು ಲೋಟ ಗಂಜಿ ಕುಡಿದರೆ ಮುಗೀತು. ಆಮೇಲೆ ನೀರೂ ಮುಟ್ಟಲ್ಲ."

ಡಾಕ್ಟರಮ್ಮನ ಮುಖ ಅರಳಿತು. ಮೈದುನ ಮುಂದೆ ಸರಿದ.

"ಅದೇ ನೋಡಿ ಮೇಡಂ ಗುಟ್ಟು. ನಾನೂ ಮೂರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೀನಿ."

ಅದಕ್ಕೇ ಅವನ ಮುಖ ಬಾಡಿದ ಬದನೆಕಾಯಿಯ ಹಾಗಿತ್ತು.

"ಅಪ್ಪಂಗೆ ಈ ಮನೆ ನೀರು, ಈ ಮನೆ ಪಥ್ಯ ಒಗ್ಗಿಬಿಟ್ಟಿದೆ. ಈ ವಯಸ್ಸಲ್ಲಿ ಜಾಗ ಬದಲಾಯಿಸೋದು ಒಳ್ಳೇದಲ್ಲ, ಅಲ್ವಾ ಮೇಡಂ?"

ಮಹಾ ಜಾಣ. ನಾನು ಕೇಳುವ ಮೊದಲೇ ದಾರಿ ಮುಚ್ಚಿದ. ಜಗಳವಾಡಲೂ ತ್ರಾಣವಿರಲಿಲ್ಲ.

"ರಾತ್ರಿ ಊಟ ಬಿಟ್ಟಿದ್ದು ಯಾವಾಗಿಂದ ತಾತ?" ಡಾಕ್ಟರಮ್ಮ ಕೇಳಿದರು.

"ಇವಳ ಮಂಡಿ ಹೋದಾಗಿಂದ."

ಯಾರಿಗೂ ತಿಳಿಯಲಿಲ್ಲ. ಮಾವನೇ ಬಿಡಿಸಿ ಹೇಳಿದರು.

"ರಾತ್ರಿ ತಿಂದ್ರೆ, ಕುಡಿದ್ರೆ, ಎದ್ದು ಹೋಗ್ಬೇಕಾಗುತ್ತೆ. ನನ್ನೊಬ್ಬನ ಕೈಲಿ ಆಗಲ್ಲ. ಕರೆದ್ರೆ ಇವಳು ಗೋಡೆ ಹಿಡ್ಕೊಂಡು ನರಳ್ತಾ ಬರ್ತಾಳೆ. ಅದನ್ನ ಕೇಳೋದಕ್ಕಿಂತ ಬಾಯಿ ಕಟ್ಟೋದೇ ವಾಸಿ." ಆಮೇಲೆ ಮಗನತ್ತ ತಿರುಗಿದರು. "ಮೂರು ತಿಂಗಳು ನಿಮ್ಮನೇಲಿ ಇರ್ತೀನಿ ಕಣೋ. ನಿನ್ನ ಮಂಡಿ ಗಟ್ಟಿ ಇದೆ. ಅಲ್ಲಿ ರಾತ್ರಿ ಊಟ ಮಾಡ್ತೀನಿ. ನೀನೂ ಮಾಡು."

ಡಾಕ್ಟರಮ್ಮನ ಎದುರು ಮೈದುನ ಏನು ತಾನೇ ಹೇಳಿಯಾನು? "ಆಗ್ಲಪ್ಪ," ಅಂದ. ಫೋಟೋದಲ್ಲಿ ಅವನು ನಗಲಿಲ್ಲ.

ವರ್ಷದಿಂದ ಕಾದದ್ದು ಕೈಗೆ ಬಂದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮಾವ ರಾತ್ರಿ ಊಟ ಬಿಟ್ಟಾಗ ವಯಸ್ಸಾಯಿತು, ಸೇರುವುದಿಲ್ಲ ಎಂದುಕೊಂಡಿದ್ದೆ. ಒಂದು ಹೊತ್ತಿನ ಅಡುಗೆ ತಪ್ಪಿತಲ್ಲ ಎಂದು ಹಗುರವೂ ಆಗಿತ್ತು. ಈಗ ಅವರ ಮುಖ ನೋಡಲು ನಾಚಿಕೆಯಾಯಿತು.

ಎಲ್ಲರೂ ಹೋದ ಮೇಲೆ ಅವರ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತೆ.

"ಹಸಿವಾಗ್ತಿರ್ಲಿಲ್ವಾ ಮಾವ?"



"ಮೊದಮೊದಲು ಆಗ್ತಿತ್ತಮ್ಮ. ಆಮೇಲೆ ಅದಕ್ಕೂ ವಯಸ್ಸಾಯ್ತು, ಕೂಗೋದು ಬಿಡ್ತು."