ಲಂಗರು ಹೋಟೆಲಿನ ಉಪ್ಪು

ಹೊರಗೆ ಊಟಕ್ಕೆ ಹೋಗುವ ಮಾತನ್ನು ಎತ್ತಿದವನು ಮಗ. ಅದನ್ನು ಕೇಳಿ ಬೆವೆತವರು ಅಪ್ಪ.

ಅಪ್ಪನನ್ನು ಬೀದಿಯವರೆಲ್ಲ ಟೈಲರಜ್ಜ ಎಂದು ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ ಯಂತ್ರ, ಕಿಟಕಿಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು. ಆ ಸಂಜೆ ಮಗನದೇ ಒಂದು ಪ್ಯಾಂಟನ್ನು ತೊಡೆಯ ಮೇಲೆ ಹರವಿಕೊಂಡು ಸೊಂಟದ ಹೊಲಿಗೆ ಬಿಚ್ಚುತ್ತಿದ್ದರು. ಇದೇ ಪ್ಯಾಂಟನ್ನು ಈ ವರ್ಷದಲ್ಲಿ ಒಮ್ಮೆ ಬಿಚ್ಚಿ ಸಡಿಲ ಮಾಡಿ ಆಗಿತ್ತು. ಮನೆಯಲ್ಲಿ ನಾಲ್ಕು ತುತ್ತು ತಿಂದು ಕೈ ತೊಳೆಯುವ ಮಗನ ಸೊಂಟ ಹೀಗೆ ಬೆಳೆಯುವುದೇಕೆ ಎಂದು ಅವರಿಗೂ ಅನಿಸಿದ್ದುಂಟು. ಡ್ರೈವಿಂಗ್ ಶಾಲೆಯ ಮೇಷ್ಟ್ರು, ದಿನವಿಡೀ ಕಾರಿನಲ್ಲಿ ಕೂತಿರುತ್ತಾನೆ, ಮೇಲಿಂದ ತಾಯಿ ಹೋದ ದುಃಖ ಬೇರೆ, ಮೈ ಊದಿಕೊಂಡಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

“ಅಪ್ಪಾ, ಅಮ್ಮ ಹೋಗಿ ಮೊನ್ನೆಗೆ ವರ್ಷ ತುಂಬಿತು. ನಿಮ್ಮ ನೇಮವೂ ಮುಗೀತು” ಎಂದ ಮಗ. “ಇವತ್ತು ಮೂರು ಜನವೂ ಹೊರಗೆ ಹೋಗಿ ಆರಾಮಾಗಿ ಊಟ ಮಾಡ್ಕೊಂಡು ಬರೋಣ.”

ನೇಮ ಎಂದದ್ದು ಟೈಲರಜ್ಜನೇ ಹಾಕಿದ ನೇಮ. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಅವರು ದೇವರ ಮುಂದೆ ನಿಂತು, ಮಗ ಸೊಸೆ ಕೇಳುವಂತೆ ಗಟ್ಟಿಯಾಗಿ ಹೇಳಿದ್ದರು: ಇನ್ನೊಂದು ವರ್ಷ ಈ ಮನೆಯವರು ಯಾರೂ ಹೋಟೆಲಿನ ಮೆಟ್ಟಿಲು ಹತ್ತಬಾರದು, ಸಂಜೆ ಪ್ರಾರ್ಥನೆ, ಆಮೇಲೆ ಮನೆಯಲ್ಲಿ ಇದ್ದದ್ದನ್ನು ಉಣ್ಣುವುದು, ಅಷ್ಟೇ. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದೇವರಂತೂ ಹೇಳಿರಲಿಲ್ಲ. ಆದರೆ ದುಃಖಕ್ಕೆ ಒಂದು ಕೆಲಸ ಬೇಕಿತ್ತು.

ಕಷ್ಟ ಬಂದದ್ದು ಆ ‘ಮನೆಯಲ್ಲಿ ಇದ್ದದ್ದನ್ನು ಉಣ್ಣುವ’ ಕಡೆಯಿಂದ. ತೀರಿಕೊಂಡವಳ ಕೈ ಅಡಿಗೆಯನ್ನು ಈಗ ಎಲ್ಲರೂ ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆಗೆ ಉಪ್ಪಿನ ಅಂದಾಜೇ ಇರಲಿಲ್ಲ. ರಾತ್ರಿಯ ಸೂಪಿಗೆ ಕೈತುಂಬ ಸುರಿಯುತ್ತಿದ್ದಳು. “ಏನಿದು, ಸಮುದ್ರ ಕಾಯಿಸಿ ತಂದಿದ್ದೀಯಾ?” ಎಂದು ಟೈಲರಜ್ಜ ಪ್ರತಿ ರಾತ್ರಿ ಸಿಡುಕುವರು. “ಕುಡೀರಿ ಸುಮ್ನೆ. ಇಷ್ಟು ಸಪ್ಪೆ ಮನುಷ್ಯರಿಗೆ ಅಷ್ಟಾದ್ರೂ ಉಪ್ಪು ಬೇಡ್ವಾ?” ಎಂದು ಆಕೆ ಬಟ್ಟಲನ್ನು ಅವರ ಮುಂದಕ್ಕೆ ತಳ್ಳುವಳು. ಮದುವೆಯಾದಂದಿನಿಂದ ಅದೇ ಬೈಗುಳ, ಅದೇ ಉತ್ತರ.

ಈಗ ಅಡಿಗೆ ಸೊಸೆಯ ಕೈಗೆ ಬಂದಿತ್ತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು, ಉಪ್ಪನ್ನು ಚಮಚದಲ್ಲಿ ಅಳೆದು, ಮೇಲಿನದನ್ನು ಬೆರಳಿನಿಂದ ಒರೆಸಿ ಹಾಕುತ್ತಿದ್ದಳು. ಅವಳ ಸೂಪಿನಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಯಾರಿಗೂ ಅದು ಗಂಟಲಲ್ಲಿ ಇಳಿಯುತ್ತಲೂ ಇರಲಿಲ್ಲ. ಮೂವರೂ ಮೇಜಿನ ಸುತ್ತ ಕೂತು, ತುಂಬಾ ಚೆನ್ನಾಗಿದೆ ಎಂದು ಹೇಳಿ, ಬಟ್ಟಲಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು.

ಮೂರು ತಿಂಗಳು ಟೈಲರಜ್ಜ ನೇಮವನ್ನು ಕಾಪಾಡಿದರು. ಒಂದು ಸಂಜೆ ಪ್ರಾರ್ಥನೆ ಮುಗಿಸಿ ಬರುವಾಗ, ಬೀದಿಯ ಮೂಲೆಯಲ್ಲಿ ಲಂಗರಿನ ಚಿತ್ರ ಬರೆದ ಬೋರ್ಡಿನ ಕೆಳಗೆ, ಬಾಗಿಲಿನಿಂದ ಸೂಪಿನ ಹಬೆ ಬಂತು. ಕಾಲು ನಿಂತುಬಿಟ್ಟಿತು. ಲಂಗರು ಹೋಟೆಲಿನ ಯಜಮಾನ ವರ್ಷಗಟ್ಟಲೆ ಹಡಗಿನಲ್ಲಿ ಅಡಿಗೆ ಮಾಡಿ ಬಂದವನು. ಅವನಿಗೆ ಹಡಗಣ್ಣ ಎಂದೇ ಹೆಸರು ಬಿದ್ದಿತ್ತು. ಅಡಿಗೆ ಮಾಡುವವನೂ ಅವನೇ, ಬಡಿಸುವವನೂ ಅವನೇ, ಮೇಜು ಒರೆಸುವವನೂ ಅವನೇ. ಟೈಲರಜ್ಜ ಒಂದು ಚಮಚ ಬಾಯಿಗಿಟ್ಟರು. ಆಮೇಲೆ ತಲೆಯೆತ್ತಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಅದೇ ದಾರಿ. ದೇವರಿಗೆ ಅವರು ಸುಳ್ಳು ಹೇಳಲಿಲ್ಲ. ಮಂದಿರದಿಂದ ಹೊರಡುವ ಮುಂಚೆ ‘ಇಂಥಲ್ಲಿಗೆ ಹೋಗುತ್ತಿದ್ದೇನಪ್ಪಾ’ ಎಂದು ಒಪ್ಪಿಸಿಯೇ ಹೋಗುತ್ತಿದ್ದರು. ದೇವರು ಬೇಡವೆನ್ನಲಿಲ್ಲ. ಮಗ ಸೊಸೆಗೆ ಹೇಳುವುದು ಮಾತ್ರ ಆಗದ ಮಾತಾಗಿತ್ತು. ಒಮ್ಮೆ ಸೊಸೆಯ ಕೈಚೀಲದಲ್ಲಿ ಬೇಕರಿಯ ಬನ್ನಿನ ಕಾಗದ ಕಂಡು, ನಾಲಿಗೆಯ ಚಪಲ, ಹಿರಿಯರ ನೆನಪು, ಮನೆತನದ ಮರ್ಯಾದೆ ಎಂದು ದೊಡ್ಡದೊಂದು ಉಪದೇಶವನ್ನೇ ಕೊಟ್ಟಿದ್ದರು. ಅದನ್ನು ಕೊಡುವಾಗ ಹಡಗಣ್ಣನ ಸೂಪು ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. ಸೊಸೆ ತಲೆ ತಗ್ಗಿಸಿ ಕೇಳಿದ್ದಳು. ಆ ಬಗ್ಗಿದ ತಲೆ ನೆನಪಾದರೆ ಈಗ ಟೈಲರಜ್ಜನ ಕಿವಿ ಬಿಸಿಯಾಗುತ್ತಿತ್ತು. ನಾಳೆ ಅವಳು ಆ ತಲೆ ಎತ್ತಿ ನೋಡಿದರೆ ತಾವು ಎಲ್ಲಿ ನೋಡುವುದು?

“ಹೊರಗೆ ಅಂದ್ರೆ ಎಲ್ಲಿಗೋ?” ಎಂದು ದಾರ ಕಚ್ಚುತ್ತ ಕೇಳಿದರು.

“ದೊಡ್ಡ ರಸ್ತೆಯ ಹೋಟೆಲು ಬೇಡ. ಊರೂರಿಗೆ ಒಂದೊಂದು ಇರುತ್ತೆ, ಎಲ್ಲಿ ತಿಂದ್ರೂ ಒಂದೇ ರುಚಿ. ನಮ್ಮ ಬಡಾವಣೆಯದೇ, ಯಾರಾದ್ರೂ ಸ್ವಂತವಾಗಿ ನಡೆಸೋ ಚಿಕ್ಕ ಹೋಟೆಲು ಆಗಲಿ.” ಹೇಳಿ ಮುಗಿಸಿದ್ದೇ, ಕೊನೆಯ ಮಾತನ್ನು ಹಿಂದಕ್ಕೆ ನುಂಗುವವನಂತೆ ಮಗ ಗಂಟಲು ಸರಿಮಾಡಿಕೊಂಡ. “ಆದ್ರೆ ಆ ಮೂಲೆಯದು ಬೇಡ.”

“ಲಂಗರು ತಾನೇ? ಖಂಡಿತ ಬೇಡ” ಎಂದಳು ಸೊಸೆ, ಒಳಗಿನಿಂದಲೇ.

“ಅದು ಬೇಡವೇ ಬೇಡ” ಎಂದರು ಟೈಲರಜ್ಜ. ಮೂವರೂ ಇಷ್ಟು ಬೇಗ ಒಪ್ಪಿದ ಮಾತು ಆ ಮನೆಯಲ್ಲಿ ಅದೇ ಮೊದಲು. “ಕಿಟಕಿ ಹತ್ತಿರದ ಮೇಜು ಅಲ್ಲಾಡುತ್ತಂತೆ. ಒಂದು ಕಾಲಿಗೆ ಕಾಗದ ಮಡಚಿ ಇಟ್ಟಿದ್ದಾನಂತೆ.”

“ಕಂಬದ ಹಿಂದಿನ ಫ್ಯಾನು ಟಕಟಕ ಅನ್ನುತ್ತೆ… ಅನ್ನುತ್ತಂತೆ” ಎಂದ ಮಗ.

“ಸೂಪಿಗೆ ಉಪ್ಪು ಸುರೀತಾನಂತೆ” ಎಂದಳು ಸೊಸೆ.

“ಯಾರಮ್ಮಾ ಹೇಳಿದ್ದು?” ಟೈಲರಜ್ಜನ ಸೂಜಿ ನಿಂತಿತು.

“ರಕ್ತ ಕೊಡೋಕೆ ಬರೋರು ಹೇಳ್ತಿರ್ತಾರೆ ಮಾವ. ನಿಮಗೆ ಮೇಜಿನ ವಿಷಯ?”

“ಪ್ರಾರ್ಥನೆಗೆ ಬರೋರು” ಎಂದರು ಟೈಲರಜ್ಜ ಗಂಭೀರವಾಗಿ.

ಹೀಗೆ ಹೊರಟರು. ಕಾರಂಜಿಯ ಹತ್ತಿರ, ಮಹಡಿಯ ಮೇಲೆ ಒಬ್ಬ ಹೆಂಗಸು ನಡೆಸುವ ಹೋಟೆಲಿಗೆ ಮೊದಲು ಹೋದರು. ಮೆಟ್ಟಿಲು ಕಡಿದಾಗಿತ್ತು, ಅರ್ಧ ಹತ್ತುವಷ್ಟರಲ್ಲಿ ಮೇಲಿಂದ ಇಳಿಯುತ್ತಿದ್ದವರು ಜಾಗವಿಲ್ಲವೆಂದರು. ಟೈಲರಜ್ಜನ ಮಂಡಿ ಅದಕ್ಕೂ ಮುಂಚೆಯೇ ಆಗದೆಂದು ಹೇಳಿತ್ತು. ಅಲ್ಲಿಂದ ಅಣ್ಣತಮ್ಮಂದಿರ ಹೋಟೆಲು. ಬಾಗಿಲಿಗೆ ಬೀಗ. ಪಕ್ಕದ ಹೂವಿನ ಅಂಗಡಿಯವಳು, “ಪಾಲಾದ್ರಲ್ಲ! ಒಲೆ ಅಣ್ಣನಿಗೆ, ಕುರ್ಚಿ ತಮ್ಮನಿಗೆ. ಈಗ ಒಬ್ಬನ ಹತ್ರ ಕೂತ್ಕೊಬಹುದು, ಇನ್ನೊಬ್ಬನ ಹತ್ರ ತಿನ್ನಬಹುದು” ಎಂದು ನಕ್ಕಳು. ಮೂರನೆಯ ಕಡೆ ದೀಪವೇ ಇರಲಿಲ್ಲ. ಮೇಜಿಗೊಂದು ಸಣ್ಣ ಮೇಣದ ಬತ್ತಿ, ಗೋಡೆಯಿಂದ ಡಬಡಬ ಸಂಗೀತ. ಬಡಿಸುವವನು ಟೈಲರಜ್ಜನ ಕಿವಿಗೆ ಬಾಯಿಟ್ಟು ಏನೋ ಕೂಗಿದ. ಅವರೂ ಅವನ ಕಿವಿಗೆ ಬಾಯಿಟ್ಟು, “ಚೆನ್ನಾಗಿರಪ್ಪಾ” ಎಂದು ಕೂಗಿ ಹೊರಗೆ ಬಂದರು.

“ಆರಾಮಾಗಿ ಊಟ ಅಂದಿದ್ರಿ ಅಲ್ವಾ?” ಎಂದು ಸೊಸೆ ಗಂಡನನ್ನು ಚುಚ್ಚಿದಳು.

“ನಾನೇನು ಮಾಡ್ಲೇ? ನೀನೇ ಒಂದು ಹೇಳು.”

“ನನಗೆ ಎಲ್ಲಾದ್ರೂ ಸರಿ ಅಂತ ಆಗಲೇ ಹೇಳ್ದೆ.”

“ಎಲ್ಲಾದ್ರೂ ಸರಿ ಅನ್ನೋರನ್ನ ಕರ್ಕೊಂಡು ಹೊರಟ್ರೆ ಎಲ್ಲೂ ಸರಿಹೋಗಲ್ಲ.”

ಮಾತು ಬೆಳೆಸುತ್ತ ಬೀದಿಯ ಮೂಲೆಗೆ ಬಂದಿದ್ದರು. ತಲೆಯ ಮೇಲೆ ಲಂಗರಿನ ಬೋರ್ಡು. ಮೂವರೂ ಅದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತ ನಿಂತರು. ಸೊಸೆ ಗೋಡೆಗೆ ಒರಗಿ ಒಂದು ಚಪ್ಪಲಿ ಬಿಚ್ಚಿ ಹಿಮ್ಮಡಿ ಒತ್ತಿಕೊಂಡಳು. ಬೆಳಗಿನಿಂದ ಲ್ಯಾಬಿನಲ್ಲಿ ನಿಂತೇ ಇದ್ದ ಕಾಲು, ಊದಿತ್ತು. ಟೈಲರಜ್ಜ ಅದನ್ನು ಕಂಡರು. ತಮ್ಮ ಮಾನ ಉಳಿಸಿಕೊಳ್ಳಲು ಈ ಹುಡುಗಿಯನ್ನು ಊರೆಲ್ಲ ನಡೆಸುತ್ತಿದ್ದೇನಲ್ಲ ಎನಿಸಿತು. ‘ದೇವರೇ, ನಿನಗೆ ಗೊತ್ತಿರುವ ವಿಷಯ ಇವರಿಗೂ ಗೊತ್ತಾಗಲಿ ಬಿಡು’ ಎಂದುಕೊಂಡು, “ಇಲ್ಲೇ ಆಗಲಿ, ನಡೀರಿ” ಎಂದರು.

“ಅಯ್ಯೋ, ಇಲ್ಲಿ ಬೇಡಪ್ಪಾ!” “ಉಪ್ಪು, ಮಾವ!” ಎಂದು ಇಬ್ಬರೂ ಒಟ್ಟಿಗೆ ತಡೆದರು. ಟೈಲರಜ್ಜ ಬಾಗಿಲು ತಳ್ಳಿ ಆಗಿತ್ತು.

ಮಾನದ ಆಸೆ ಮಾತ್ರ ಪೂರ್ತಿ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಹಡಗಣ್ಣ ಬಾಯಿ ತೆರೆಯುವ ಮುಂಚೆ ತುಟಿಯ ಮೇಲೆ ಬೆರಳಿಟ್ಟು, ಹುಬ್ಬಿನಿಂದ ಬೇಡಿಕೊಂಡರು. ಹಡಗಣ್ಣ ಜಾಣ, ತಟ್ಟನೆ ಮುಖ ಬದಲಿಸಿದ. ಆದರೆ ಅವನ ಕಣ್ಣು ಟೈಲರಜ್ಜನ ಹೆಗಲಾಚೆ ಹೋಯಿತು. ಅಲ್ಲಿ ಏನನ್ನೋ ಕಂಡು ಅಗಲವಾಯಿತು. ಇನ್ನೂ ಆಚೆ ಹೋಗಿ ಇನ್ನೂ ಅಗಲವಾಯಿತು. ಟೈಲರಜ್ಜ ತಿರುಗಿ ನೋಡಿದರೆ ಮಗ ಮೂಗು ತುರಿಸಿಕೊಳ್ಳುತ್ತಿದ್ದ, ಸೊಸೆ ತುಟಿ ಒರೆಸಿಕೊಳ್ಳುತ್ತಿದ್ದಳು.

“ಬನ್ನಿ, ಬನ್ನಿ. ಹೊಸಬರು ಅಂತ ಕಾಣುತ್ತೆ” ಎಂದ ಹಡಗಣ್ಣ, ಯಾರ ಮುಖವನ್ನೂ ನೋಡದೆ. “ಕೂತ್ಕೊಳ್ಳಿ.”

ನಾಲಿಗೆಯನ್ನು ಮೂವರೂ ಕಟ್ಟಿಕೊಂಡಿದ್ದರು. ಕಾಲನ್ನು ಕಟ್ಟಿಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಟೈಲರಜ್ಜ ಸೀದಾ ಕಿಟಕಿಯ ಪಕ್ಕದ ಮೇಜಿಗೆ ಹೋಗಿ, ಬೀದಿಗೆ ಬೆನ್ನು ಹಾಕಿ ಕೂತು, ಬಗ್ಗಿ ಮೇಜಿನ ಕಾಲಿನ ಕೆಳಗಿನ ಕಾಗದವನ್ನು ಸರಿಮಾಡಿದರು. ತಲೆಯೆತ್ತಿದಾಗ ಎದುರಿಗೆ ಯಾರೂ ಇರಲಿಲ್ಲ. ಮಗ ಕಂಬದ ಹಿಂದಿನ ಕುರ್ಚಿಯಲ್ಲಿ ಕೂತು, ಕೈ ಚಾಚಿ ಫ್ಯಾನಿನ ಸ್ವಿಚ್ಚು ಒತ್ತುತ್ತಿದ್ದ. ಸೊಸೆ ಅಡಿಗೆಮನೆಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಹಿಂದಕ್ಕೆ ನೋಡದೆಯೇ ಗೋಡೆಯ ಮೊಳೆಗೆ ಕೈಚೀಲ ತೂಗುಹಾಕಿದ್ದಳು.

ಫ್ಯಾನು ಟಕಟಕ ಎಂದಿತು.

ಮೊದಲು ನಕ್ಕವಳು ಸೊಸೆ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಆಗಲಿಲ್ಲ. “ರೀ, ನಿಮಗೆ ಸ್ವಿಚ್ಚು ಎಲ್ಲಿದೆ ಅಂತ ಯಾರು ಹೇಳಿದ್ರು?”

“ನಿನಗೆ ಮೊಳೆ ಎಲ್ಲಿದೆ ಅಂತ ಹೇಳಿದೋರೇ!”

ಟೈಲರಜ್ಜ ನಗಲಿಲ್ಲ. ಎದ್ದು ನಿಂತು, ಪ್ರಾರ್ಥನೆಗೆ ನಿಲ್ಲುವವರಂತೆ ಕೈ ಕಟ್ಟಿದರು. “ನೇಮ ಮಾಡಿದೋನು ನಾನು. ಮೂರು ತಿಂಗಳು ತುಂಬೋ ಹೊತ್ತಿಗೆ ಮುರಿದೋನೂ ನಾನೇ. ಅವತ್ತು ನಿನಗೆ ಬನ್ನಿಗಾಗಿ ಬೈದೆನಲ್ಲಮ್ಮಾ, ಅವತ್ತೂ ಇಲ್ಲಿಂದಲೇ ಬಂದಿದ್ದೆ.”

“ಮೂರು ತಿಂಗಳು ತಡೆದ್ರಾ ಅಪ್ಪಾ?” ಮಗನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಾನು ಎರಡನೇ ವಾರಕ್ಕೇ ಬಂದೆ. ಬೆಳಗಿನ ಪಾಠ ಮುಗಿಸಿ, ಕಾರನ್ನ ಹಿಂದಿನ ಬೀದೀಲಿ ನಿಲ್ಲಿಸಿ ಬರ್ತಿದ್ದೆ.”

“ನಾನು ಅಷ್ಟೂ ಕಾಯಲಿಲ್ಲ ಮಾವ. ಅತ್ತೆ ಹೋದ ಆ ವಾರವೇ, ಲ್ಯಾಬಿನ ಮಧ್ಯಾಹ್ನದ ಬಿಡುವಿನಲ್ಲಿ ಬಂದೆ. ನನ್ನ ಕೈ ಸೂಪು ನನಗೇ ಇಳೀತಿರಲಿಲ್ಲ.” ಅವಳು ಕಣ್ಣು ಒರೆಸಿಕೊಂಡಳು, ನಗುವಿನ ನೀರೋ ಏನೋ. “ನೀವು ಬನ್ನಿಗೆ ಬೈದಾಗ, ಸದ್ಯ ಬನ್ನು ಮಾತ್ರ ಸಿಕ್ಕಿತಲ್ಲ, ಬದುಕಿದೆ ಅಂದ್ಕೊಂಡೆ.”

ಮಾನ ಹೋಗುವುದೆಂದರೆ ಹೀಗಿರುತ್ತದೆಂದು ಟೈಲರಜ್ಜ ಎಣಿಸಿರಲಿಲ್ಲ. ಅಷ್ಟೇ ಅಲ್ಲ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಿನ ನೇಮ ಪಾಲಿಸಿದವರು ತಾವೇ ಎಂದು ತಿಳಿದು ಅವರಿಗೆ ಒಳಗೊಳಗೇ ಸ್ವಲ್ಪ ಜಂಬವೂ ಬಂತು. ಅದಕ್ಕಾಗಿ ದೇವರಲ್ಲಿ ಕೂಡಲೇ ಕ್ಷಮೆ ಕೇಳಿಕೊಂಡರು.

“ಹಾಗಾದ್ರೆ ನೀವು ಮೂರೂ ಜನ ಒಂದೇ ಮನೆಯೋರಾ?” ಹಡಗಣ್ಣ ಸೌಟು ಹಿಡಿದೇ ಹೊರಗೆ ಬಂದಿದ್ದ. “ಕೆಟ್ಟಿತು ನನ್ನ ಲೆಕ್ಕ! ಸೂಪಿಗೆ ಉಪ್ಪು ಜಾಸ್ತಿ ಅಂತ ಬಂದೋರೆಲ್ಲ ಜಗಳ ಆಡ್ತಾರೆ. ಕಡಿಮೆ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಅಜ್ಜ ಬಂದು ಗುಟ್ಟಾಗಿ, ‘ಉಪ್ಪು ಮಾತ್ರ ಕಡಿಮೆ ಮಾಡ್ಬೇಡಪ್ಪಾ’ ಅಂದ್ರು. ಮೇಷ್ಟ್ರೂ ಅದನ್ನೇ ಅಂದ್ರು. ಅಕ್ಕನೂ ಅದನ್ನೇ ಅಂದ್ರು. ಮೂರು ಮನೆಯೋರು ನನ್ನ ಕಡೆ ಇದ್ದಾರಲ್ಲ ಅಂತ ಊರನ್ನೇ ಎದುರು ಹಾಕ್ಕೊಂಡೆ. ಈಗ ನೋಡಿದ್ರೆ ಒಂದೇ ಮನೆ, ಒಂದೇ ಓಟು!”

ಯಾರೂ ನಗಲಿಲ್ಲ. ಮಗ ಫ್ಯಾನನ್ನು ನೋಡಿದ, ಸೊಸೆ ಮೊಳೆಯನ್ನು ನೋಡಿದಳು. ಟೈಲರಜ್ಜ ಮೇಜಿನ ಮೇಲಿನ ಬಟ್ಟೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೂತರು.

“ಒಂದಲ್ಲಪ್ಪಾ, ನಾಲ್ಕು ಅಂತ ಇಟ್ಕೋ” ಎಂದರು ಕೊನೆಗೆ. “ಬರೋಕಾಗದೇ ಇರೋರು ಇನ್ನೊಬ್ಬರಿದ್ದಾರೆ.”

ಹಡಗಣ್ಣನಿಗೆ ಏನು ತಿಳಿಯಿತೋ. ಸೌಟನ್ನು ಕಂಕುಳಿಗೆ ಸಿಕ್ಕಿಸಿ, ಕಂಬದ ಹಿಂದಿನ ಮೇಜನ್ನು ಎಳೆದು ಕಿಟಕಿಯ ಮೇಜಿಗೆ ಕೂಡಿಸಿದ. ಕೂಡಿಸಿದ ಮೇಲೆ ಎರಡೂ ಅಲ್ಲಾಡತೊಡಗಿದವು.

ಮೂವರೂ ಅವುಗಳ ಸುತ್ತ ಕೂತರು, ಸೂಪು ಬಂತು. ಇಷ್ಟು ದಿನ ಇಲ್ಲಿ ಅದನ್ನು ತಕರಾರಿಲ್ಲದೆ ಕುಡಿದು ಹೋದವರು ಟೈಲರಜ್ಜ. ಇಂದು ಒಂದು ಚಮಚ ಬಾಯಿಗಿಟ್ಟರು, ಮುಖ ಕಿವಿಚಿದರು, ಹೋಟೆಲಿಗೆಲ್ಲ ಕೇಳುವಂತೆ ಸಿಡುಕಿದರು: “ಏನಿದು, ಸಮುದ್ರ ಕಾಯಿಸಿ ತಂದಿದ್ದೀಯಾ?”

“ಅಜ್ಜಾ, ನೀವೇ ಹೀಗಂದ್ರೆ…” ಎಂದು ಹಡಗಣ್ಣ ಕಕ್ಕಾಬಿಕ್ಕಿಯಾದ.

ಸೊಸೆ ಬಟ್ಟಲನ್ನು ಮಾವನ ಮುಂದಕ್ಕೆ ತಳ್ಳಿದಳು. “ಕುಡೀರಿ ಸುಮ್ನೆ. ಇಷ್ಟು ಸಪ್ಪೆ ಮನುಷ್ಯರಿಗೆ…” ಎಂದವಳಿಗೆ ಮುಂದಕ್ಕೆ ಹೇಳಲಾಗಲಿಲ್ಲ.

“…ಅಷ್ಟಾದ್ರೂ ಉಪ್ಪು ಬೇಡ್ವಾ?” ಎಂದು ಮಗ ಮುಗಿಸಿದ.

ಟೈಲರಜ್ಜ ಸುಮ್ಮನೆ ಕುಡಿದರು. ಎರಡನೆಯ ಬಟ್ಟಲಿಗೆ ಮೂವರೂ ಒಟ್ಟಿಗೆ ಕೈ ಎತ್ತಿದಾಗ, ಅವರ ಕಣ್ಣು ಮಗನ ಸೊಂಟದ ಮೇಲೆ ಬಿತ್ತು. ವರ್ಷವಿಡೀ ದುಃಖದ ಊತವೆಂದು ತಿಳಿದಿದ್ದುದು ಸೊಂಟಪಟ್ಟಿಯ ಮೇಲೆ ನೆಮ್ಮದಿಯಾಗಿ ಕೂತಿತ್ತು.

“ಸಂಜೆ ಬಿಚ್ಚಿದ ಆ ಪ್ಯಾಂಟಿನ ಸೊಂಟದಲ್ಲಿ ಇನ್ನು ಬಿಡೋಕೆ ಬಟ್ಟೆ ಉಳಿದಿಲ್ಲ ಕಣೋ” ಎಂದರು. “ನಾಳೆಯಿಂದ ಕಾರು ಬೇಡ. ನನ್ನ ಜೊತೆ ನಡ್ಕೊಂಡು ಬಾ.”