ದಪ್ಪ ಕತ್ತಿನ ಗಿಟಾರ್

"ಆರು ತಂತಿ ಒಟ್ಟಿಗೆ ಒತ್ತೋಕಾಗಲ್ಲ ನಿಂಗೆ. ಬೆರಳು ಗಿಡ್ಡ ಕಣಮ್ಮ, ಭಾನುವಾರದ ಕಾರ್ಯಕ್ರಮಕ್ಕೆ ನೀನು ಬೇಡ," ಅಂದುಬಿಟ್ರು ಗಿಟಾರ್ ಮೇಷ್ಟ್ರು.

ಬಡಗಿಯ ಮಗಳಿಗೆ ಮೈಯೆಲ್ಲ ಉರಿದುಹೋಯ್ತು. ಬೆರಳಲ್ಲ ಗಿಡ್ಡ, ತನ್ನ ಗಿಟಾರಿನ ತಂತಿ ಒತ್ತೋ ಕತ್ತೇ ಒನಕೆ ಥರ ದಪ್ಪ! ಸೀದಾ ಅಪ್ಪನ ಅಂಗಡಿಗೆ ಹೋಗಿ, ಕತ್ತಿನ ಹಿಂಬದಿಯನ್ನ ಸ್ಯಾಂಡ್‌ಪೇಪರಲ್ಲಿ ಉಜ್ಜೋಕೆ ಕೂತಳು.

"ಚೂರು ಉಜ್ಜು, ಹಿಡಿದು ನೋಡು, ಮತ್ತೆ ಉಜ್ಜು," ಅಂದ ಅಪ್ಪ. "ನನ್ನ ಉಳಿ ಹಿಡಿಗೂ ಹಾಗೇ ಮಾಡೋದು. ಸಾಕು ಅಂತ ಕೈಯೇ ಹೇಳುತ್ತೆ."

ಮೂರನೇ ದಿನ ಕೈ ಹೇಳಿತು.

ಗಿಟಾರ್ ನೋಡಿ ಮೇಷ್ಟ್ರು ಎದೆ ಬಡ್ಕೊಂಡ್ರು. "ಅಯ್ಯೋ, ಪಾಲಿಶೆಲ್ಲ ಹಾಳು ಮಾಡಿದ್ಯಲ್ಲೇ!"

"ಬೆರಳು ಎಳೆದು ಉದ್ದ ಮಾಡೋಕಾಗುತ್ತಾ ಸಾರ್?" ಅಂತ ಆರೂ ತಂತಿ ಒತ್ತಿ ಮೀಟಿದಳು. ಆರೂ ಖಣಖಣ ಅಂದವು. ಮೇಷ್ಟ್ರು ಬಾಯಿ ತೆರೆಯೋ ಮೊದಲೇ ಭಾನುವಾರದ ಪಟ್ಟಿಯಲ್ಲಿ ತನ್ನ ಹೆಸರು ತಾನೇ ಬರೆದಳು, ಎಲ್ಲರಿಗಿಂತ ಮೇಲೆ.