ಎರಡನೆಯ ಲೆನ್ಸಿನಲ್ಲಿ ಕಂಡ ಗೆರೆ

ಕೂದಲೇ ಇರಬೇಕು, ಸೆನ್ಸರಿಗೆ ಅಂಟಿದ ಯಾವುದೋ ಕೂದಲು, ಇಲ್ಲದಿದ್ದರೆ ಚಿತ್ರದಲ್ಲಿ ಅಪ್ಪನ ತಲೆಯ ಮೇಲೆ, ಸಿಲ್ವರ್ ಓಕ್ ಮರದ ಎಲೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಈ ಬೂದು ಗೆರೆಗೆ ಅಲ್ಲೇನು ಕೆಲಸ — ಪವಿತ್ರಾ ಕ್ಯಾಮೆರಾದ ಪರದೆಯನ್ನು ವೇಲಿನ ತುದಿಯಿಂದ ಒರೆಸಿದಳು, ಊದಿದಳು, ಮತ್ತೆ ಒರೆಸಿದಳು, ಹಾಳಾದ ಗೆರೆ ಹೋಗಲಿಲ್ಲ, ಜಗಲಿಯಲ್ಲಿ ಪಕ್ಕಕ್ಕೆ ನಿಂತಿದ್ದ, ಅವಳಂತೆಯೇ ಫೋಟೋ ತೆಗೆಯುವ ಗೆಳೆಯ ಶಶಿಧರ್ ಏನಾಯ್ತು ಮಾರಾಯ್ತಿ ಎಂದ, ಏನಿಲ್ಲ, ನಿಮ್ಮ ಲೆನ್ಸಲ್ಲಿ ಗೀರಿದೆ ಅಷ್ಟೆ ಎಂದಳು, ಹೇಳುವಾಗ ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ, ಕಳಸದಿಂದ ಜಾವಳಿಯವರೆಗೆ ಬೈಕಿನಲ್ಲಿ ಹೊಸ ಲೆನ್ಸು ಹೊತ್ತು ತಂದು, ನಿನ್ನ ಹಳೇ ಝೂಮ್ ಲೆನ್ಸು ಬರೀ ಮಂಜು, ಇದರಲ್ಲಿ ತೆಗೆದು ನೋಡು, ಹೇಗೆ ಚೂಪಾಗಿ ಬರುತ್ತೆ ಅಂತ ಜಂಬ ಕೊಚ್ಚಿದವನಿಗೆ ಹಾಗೇ ಆಗಬೇಕು. ಏಳು ವರ್ಷದಿಂದ ಆ ಹಳೆಯ ಝೂಮಿನಲ್ಲೇ ಅವಳು ಮೂಡಿಗೆರೆಯ ಎಷ್ಟು ಮದುವೆ ತೆಗೆದಿಲ್ಲ, ದೇವರಮನೆ ಗುಡ್ಡದ ಗಾಳಿಯಲ್ಲಿ ನಿಂತು ಹದ್ದು ತೆಗೆದಿಲ್ಲವೆ, ಮಂಜಂತೆ ಮಂಜು. ಅದಕ್ಕೇ ಈ ಪಂಥ, ಒಂದೇ ಕ್ಯಾಮೆರಾ, ಒಂದೇ ಸ್ಟ್ಯಾಂಡು, ಎರಡೂ ಝೂಮು ನಾನೂರು ಎಂಎಂಗೇ, ಒಂದೇ ಬಿಸಿಲು, ಎದುರಿಗೆ ಗದ್ದೆಯಾಚೆಯ ತೋಟದಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವ ಅಪ್ಪ — ಮೆಣಸಿನ ಗೊಂಚಲಿನಷ್ಟು ಸಣ್ಣದು ಇನ್ನೇನಿದೆ, ಕಾಳು ಕಾಳಾಗಿ ಬಿಡಿಸಿ ತೋರಿಸಿದ ಲೆನ್ಸು ಗೆದ್ದ ಹಾಗೆ. ಬೆಳಿಗ್ಗೆ ಅಪ್ಪ ಹೊರಟಾಗ ಅವಳೇ ಹೇಳಿದ್ದು, ಅಂಚಿನ ಆ ದೊಡ್ಡ ಸಿಲ್ವರ್ ಮರಕ್ಕೇ ಹತ್ತಪ್ಪ, ಬಿಸಿಲು ಚೆನ್ನಾಗಿ ಬೀಳುತ್ತೆ, ಜಗಲಿಯಿಂದ ನೇರ ಕಾಣುತ್ತೆ, ಅಪ್ಪ ಒಂದು ಗಳಿಗೆ ಆ ಕಡೆ ನೋಡಿ, ಸರಿ ಮಗಾ, ನಿಂಗೆ ಬೇಕಂದ್ರೆ ಅದಕ್ಕೇ ಹತ್ತಿದ್ರಾಯ್ತು ಎಂದಿದ್ದ, ಹಳೆಯ ಬಿದಿರೇಣಿ ಬಿಟ್ಟು ಈ ಸಲದ ಹೊಸ ಅಲ್ಯೂಮಿನಿಯಂ ಏಣಿಯನ್ನೇ ಹೊತ್ತು ಹೋಗಿದ್ದ.

ಶಶಿಧರ್ ಬಗ್ಗಿ ನೋಡಿದ, ಇದು ಗೀರಲ್ಲ ಮಾರಾಯ್ತಿ, ಗಾಜಲ್ಲಿ ಗೀರಿದ್ರೆ ಇಷ್ಟು ಚೂಪಾಗಿ ಬರಲ್ಲ, ನಿನ್ನ ಸೆನ್ಸರಲ್ಲೇ ಕೂದಲಿರ್ಬೇಕು ಎಂದ, ಕೂದಲಾದರೆ ಎರಡರಲ್ಲೂ ಬರಬೇಕಲ್ಲ ಎಂದು ಅವಳು ಹಳೆಯ ಝೂಮಿನ ಚಿತ್ರಕ್ಕೆ ಹೋದಳು, ಅಪ್ಪ, ಏಣಿ, ಕಲಸಿಹೋದ ಹಸಿರು, ಗೆರೆ ಇಲ್ಲ, ಹೊಸದಕ್ಕೆ ಬಂದಳು, ಅಪ್ಪನ ಅಂಗಿಯ ಗುಂಡಿ, ಗೊಂಚಲಿನ ಕಾಳು, ಗೆರೆ ಇದೆ, ಮುಂದಿನ ಚಿತ್ರ, ಅಪ್ಪ ಒಂದು ಮೆಟ್ಟಿಲು ಮೇಲೆ, ಗಾಳಿಗೆ ಎಲೆಗಳೆಲ್ಲ ಜಾಗ ಬದಲಿಸಿವೆ, ಕ್ಯಾಮೆರಾವನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ ತೆಗೆದಳು, ಮರದ ಜೊತೆಗೇ ಗೆರೆಯೂ ಸರಿಯಿತು — ಸೆನ್ಸರೂ ಅಲ್ಲ, ಗಾಜೂ ಅಲ್ಲ, ಹಾಗಾದರೆ ಅದು ಅಲ್ಲೇ ಇದೆ, ಮರದೊಳಗೆ ಹೊಕ್ಕು ಆಚೆ ಹೊರಡುತ್ತಿದೆ — ದೇವರೇ, ತಂತಿ, ಕರೆಂಟಿನ ಲೈನು. ಹೋದ ವರ್ಷ ಇದೇ ಊರಿನ ಅಂಜನಮ್ಮನ ಗಂಡ ಹೀಗೇ ಏಣಿ ಎತ್ತಿ ಲೈನಿಗೆ ತಾಗಿಸಿ ಹೋದನಲ್ಲ, ಅಂಜನಮ್ಮ ಪವಿತ್ರಾಳ ಸ್ಟುಡಿಯೋಗೇ ಬಂದಿದ್ದಳು, ಮದುವೆ ಫೋಟೋದಿಂದ ಅವರ ಮುಖ ಒಂದೇ ದೊಡ್ಡದು ಮಾಡಿಕೊಡವ್ವಾ, ಗೋಡೆಗೆ ಹಾಕ್ಬೇಕು, ದೊಡ್ಡದು ಮಾಡಿದಷ್ಟೂ ಮುಖ ಮಸುಕಾಗಿತ್ತು — ಥೂ, ಈಗ ಯಾಕೆ ಅದು ನೆನಪಾಗಬೇಕು, ಅಪ್ಪಾ ಎಂದು ಕೂಗಿದಳು, ಗದ್ದೆಯ ಬದಿಯಲ್ಲಿ ಯಾರದೋ ಸ್ಪ್ರಿಂಕ್ಲರಿನ ಡೀಸೆಲ್ ಎಂಜಿನ್ ಬಡಿದುಕೊಳ್ಳುತ್ತಿತ್ತು, ಕೂಗು ಅಂಗಳ ದಾಟಲಿಲ್ಲ, ನಾನು ಹೋಗ್ತೀನಿ, ನೀನು ಫೋನ್ ಮಾಡು ಎಂದು ಶಶಿಧರ್ ಅಂಗಳ ಹಾರಿ ಗದ್ದೆಗೆ ಓಡಿದ, ಅವಳು ಒಂದು ಕಿವಿಗೆ ಫೋನು, ಒಂದು ಕಣ್ಣಿಗೆ ಕ್ಯಾಮೆರಾ, ರಿಂಗಾಗುತ್ತಿದೆ, ಎತ್ತಪ್ಪ, ಬೇಡ, ಇಳಿಯಬೇಡ, ಏಣಿ ಅಲ್ಲಾಡೀತು, ಅಯ್ಯೋ ಇಳಿಯದೆ ಎತ್ತುವುದು ಹೇಗೆ, ಫೋನು ಕಾಫಿ ಗಿಡಕ್ಕೆ ನೇತುಹಾಕಿದ ಚೀಲದಲ್ಲಿ, ತಂತಿ ಏಣಿಯ ತಲೆಗೇ ತಾಗಿದಂತೆ ಕಾಣುತ್ತಿದೆ, ಆದರೆ ಈ ಉದ್ದದ ಲೆನ್ಸನ್ನು ನಂಬುವಂತಿಲ್ಲ, ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಗೋಡೆಗೆ ಅಂಟಿಸಿಬಿಡುತ್ತದೆ, ಮದುವೆ ಹುಡುಗ ಹುಡುಗಿಯ ಹೆಗಲಿಗೆ ಮೈಲಿಯಾಚೆಯ ಗುಡ್ಡವನ್ನು ತಂದು ನಿಲ್ಲಿಸುವುದು ಹೀಗೆಯೇ ಅಲ್ಲವೆ, ತಂತಿ ಹತ್ತಡಿ ಆಚೆ ಇರಬಹುದು, ಗೇಣು ದೂರವೂ ಇರಬಹುದು. ಅಪ್ಪ ತಲೆಯೆತ್ತಿ ಕಿವಿಗೊಟ್ಟ, ಇಳಿಯತೊಡಗಿದ.

ಇಳಿದವನು ಸುಮ್ಮನೆ ಫೋನು ಎತ್ತಬಾರದೆ, ಇಲ್ಲ, ಒಂದು ನಿಮಿಷವೂ ದಂಡ ಮಾಡದ ಅವಳಪ್ಪ ಗುರುವಯ್ಯ, ಏಣಿಯನ್ನು ಮರದಿಂದ ಬಿಡಿಸಿ, ನೆಟ್ಟಗೆ ನಿಲ್ಲಿಸಿ, ಹೆಗಲಿಗೆ ಆನಿಸಿ, ಇನ್ನೊಂದು ಪಕ್ಕಕ್ಕೆ ಸರಿಸುತ್ತ ಚೀಲಕ್ಕೆ ಕೈ ಹಾಕಿದ, ಹೇಳು ಮಗಾ, ಬಂತಾ ಫೋಟೋ, ಅಪ್ಪ ತಂತಿ, ತಲೆ ಮೇಲೆ ತಂತಿ ಇದೆ ಎಂದಳು, ಗೊತ್ತು ಕಣೇ, ಅಪ್ಪ ನಕ್ಕ, ಲೈನಿದೆ ಅಂತಾನೇ ಮೂರು ವರ್ಷದಿಂದ ಈ ಮರದ ಮೆಣಸು ಬಿಟ್ಟಿದ್ದು, ಇವತ್ತು ಬೆಳಿಗ್ಗೆಯಿಂದ ಕರೆಂಟ್ ತೆಗ್ದಿದಾರಲ್ಲ, ಲೈನ್‌ಮನ್ ಭೂತಯ್ಯನ್ನೇ ಕೇಳ್ದೆ, ಸಂಜೆವರೆಗೂ ಬರಲ್ಲ ಅಂದ, ನೀನೂ ಇದೇ ಮರ ಬೇಕಂದೆ, ಒಳ್ಳೇದೇ ಆಯ್ತಲ್ಲ ಅಂತ — ನಾನು ಕೇಳಿದೆ ಅಂತ, ಒಂದು ಲೆನ್ಸಿನ ಜಂಬಕ್ಕೆ, ಮೂರು ವರ್ಷ ಬಿಟ್ಟಿದ್ದ ಮರಕ್ಕೆ ಅಪ್ಪನನ್ನು ನಾನೇ ಹತ್ತಿಸಿದೆ, ಆದರೂ ಎದೆಯೊಳಗಿನ ಕಲ್ಲು ಇಳಿದ ಹಾಗಾಯಿತು, ಕರೆಂಟಿಲ್ಲ, ಹೌದಲ್ಲ, ಕರೆಂಟಿಲ್ಲ, ನಗು ಬಂತು, ಅಷ್ಟರಲ್ಲಿ ಜಗಲಿಯ ಬಲ್ಬು ಹತ್ತಿಕೊಂಡಿತು, ಅಡುಗೆಮನೆಯಿಂದ ಅಮ್ಮ ಗಟ್ಟಿಯಾಗಿ, ಪವೀ, ಕರೆಂಟ್ ಬಂತು ಕಣೇ.

ಫೋನಿನಲ್ಲಿ ಅಪ್ಪನಿಗೂ ಕೇಳಿಸಿತು, ಅವನ ನಗು ನಿಂತಿತು, ಶಶಿಧರ್ ಇನ್ನೂ ಗದ್ದೆಯ ನಡುವೆ ಕೆಸರಿನಲ್ಲಿ, ಬಿಟ್ಟು ಓಡಪ್ಪ ಎಂದಳು, ಬಿಟ್ರೆ ಯಾವ ಕಡೆ ಬೀಳುತ್ತೋ ಮಗಾ, ಅಪ್ಪನ ದನಿ ಇಷ್ಟು ಸಣ್ಣಗಾಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ, ಬಿಸಿಲು ಕಣ್ಣಿಗೇ ಹೊಡೀತಿದೆ, ಎಲೆ ಬೇರೆ ಅಡ್ಡ, ನಂಗೆ ತುದಿ ಕಾಣ್ತಿಲ್ಲ, ನಿಂಗೆ ಅಲ್ಲಿಂದ ಚೆನ್ನಾಗಿ ಕಾಣುತ್ತಲ್ಲ, ತಂತಿ ಏಣಿಯಿಂದ ಮುಂದಿದ್ಯಾ, ಹಿಂದಿದ್ಯಾ, ಹೇಳು, ಆ ಕಡೆ ಬಿಟ್ಟು ಈ ಕಡೆ ಮಲಗಿಸ್ತೀನಿ — ಕಾಣುತ್ತಿದೆ ಅಪ್ಪ, ಇಷ್ಟು ಚೂಪಾಗಿ ನಿನ್ನನ್ನು ನಾನು ಯಾವತ್ತೂ ನೋಡಿಲ್ಲ, ನಿನ್ನ ಕತ್ತಿನ ಬೆವರು ಕಾಣುತ್ತಿದೆ, ಏಣಿ ಹಿಡಿದ ಬೆರಳು ಬಿಳಿಚಿದ್ದು ಕಾಣುತ್ತಿದೆ, ಏಣಿಯ ತುದಿ, ಅದರ ಮೇಲೆ ಗೆರೆ, ಮುಂದೆಯೋ, ಹಿಂದೆಯೋ, ಮುಂದೆಯೋ, ಹೇಳು ಮಗಾ, ಬೇಗ, ಏಣಿಯ ತುದಿ, ಗೆರೆ, ಗೆರೆ